ಅವಳಿಗಳ ತಟ್ಟೆ, ನಮ್ಮ ಹಾಲಿನ ಪಾತ್ರೆ

2024ರ ಜನವರಿ 1ಕ್ಕೆ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ‘ಯೂ ಆರ್ ವಾಟ್ ಯೂ ಈಟ್: ಎ ಟ್ವಿನ್ ಎಕ್ಸ್‌ಪೆರಿಮೆಂಟ್’ ಸರಣಿಯನ್ನು ನೀವು ನೋಡಿರಬಹುದು. ನಾಲ್ಕೇ ಕಂತು, ಒಂದು ವಾರಾಂತ್ಯಕ್ಕೆ ಸಾಕು. ಹೊಸ ವರ್ಷದ ಮೊದಲ ದಿನವೇ ಬಿಡುಗಡೆ ಮಾಡಿದ್ದಾರೆ ಅಂದರೆ ಉದ್ದೇಶ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ನೋಡಿದವರು ಮಾಂಸ, ಹಾಲು, ಮೊಟ್ಟೆ ಬಿಟ್ಟು ಸಸ್ಯಮೂಲದ ಊಟ ಶುರು ಮಾಡಬೇಕು, ಅದರಿಂದ ದೇಹಕ್ಕೂ ಭೂಮಿಗೂ ಒಳ್ಳೆಯದು. ನನ್ನ ಪ್ರಶ್ನೆ ಇಷ್ಟೇ: ಮನೆಯಲ್ಲಿ ಸಾರು, ಪಲ್ಯ, ಮೊಸರನ್ನ ತಿನ್ನುವವರು ಈ ಸರಣಿ ನೋಡಿ ಮಾರನೇ ದಿನ ಏನು ಮಾಡಬೇಕು?

ಅದಕ್ಕೆ ಸರಣಿಯಲ್ಲಿ ಉತ್ತರ ಇಲ್ಲ. ಹೋಗಲಿ, ಅದು ನಮಗೋಸ್ಕರ ಮಾಡಿದ್ದಲ್ಲ. ಆದರೆ ನಮ್ಮವರ ನಡುವೆ ಇದು ಎರಡು ಥರದ ಪರಿಣಾಮ ಮಾಡಿದ್ದನ್ನು ನೋಡಿದ್ದೇನೆ. ಸಸ್ಯಾಹಾರಿ ಮನೆಗಳಲ್ಲಿ ‘ನಾವು ಮೊದಲಿಂದಲೂ ಹೀಗೇ ಅಲ್ವಾ’ ಅನ್ನೋ ಹೆಮ್ಮೆ. ಮಾಂಸ ತಿನ್ನುವ ಮನೆಗಳಲ್ಲಿ, ಅದರಲ್ಲೂ ಇಲ್ಲೇ ಹುಟ್ಟಿ ಬೆಳೆದ ಮಕ್ಕಳಲ್ಲಿ, ಅಜ್ಜಿ ಮಾಡುವ ಕೋಳಿಸಾರಿನ ಬಗ್ಗೆ ಒಂದು ನಾಚಿಕೆ. ಹೆಮ್ಮೆಗೂ ಆಧಾರ ಇಲ್ಲ, ನಾಚಿಕೆಗೂ ಇಲ್ಲ. ಎರಡನ್ನೂ ಹುಟ್ಟಿಸುವಂತೆ ಕತೆ ಹೇಳಿರುವುದೇ ಈ ಸರಣಿಯ ದೊಡ್ಡ ದೋಷ.

ಮೊದಲು ಸರಣಿಯ ಹಿಂದಿನ ಅಧ್ಯಯನದ ವಿಷಯ. ಅದು ಸರಣಿಗಿಂತ ಚೆನ್ನಾಗಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ಟೊಫರ್ ಗಾರ್ಡ್ನರ್ ಅವರ ತಂಡ 22 ಜೋಡಿ ತದ್ರೂಪಿ ಅವಳಿಗಳನ್ನು ತೆಗೆದುಕೊಂಡು, ಪ್ರತಿ ಜೋಡಿಯಲ್ಲಿ ಒಬ್ಬರಿಗೆ ಪೂರ್ತಿ ವೀಗನ್ ಊಟ, ಇನ್ನೊಬ್ಬರಿಗೆ ಮಾಂಸ, ಹಾಲು, ಮೊಟ್ಟೆ ಸೇರಿದ, ಆದರೆ ಆರೋಗ್ಯಕರವಾದ ಊಟ ಕೊಟ್ಟಿತು. ಎಂಟು ವಾರದ ಪ್ರಯೋಗ. ಮೊದಲ ನಾಲ್ಕು ವಾರ ಊಟ ಮನೆಬಾಗಿಲಿಗೆ ಬರುತ್ತಿತ್ತು, ಆಮೇಲಿನ ನಾಲ್ಕು ವಾರ ಅವರೇ ಮಾಡಿಕೊಳ್ಳಬೇಕಿತ್ತು. 2023ರ ನವೆಂಬರಿನಲ್ಲಿ ‘ಜಾಮಾ ನೆಟ್‌ವರ್ಕ್ ಓಪನ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು. ವೀಗನ್ ಊಟ ಮಾಡಿದವರ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟರಾಲ್, ಇನ್ನೊಂದು ಗುಂಪಿಗೆ ಹೋಲಿಸಿದರೆ ಡೆಸಿಲೀಟರಿಗೆ ಸುಮಾರು 14 ಮಿಲಿಗ್ರಾಂನಷ್ಟು ಹೆಚ್ಚು ಇಳಿದಿತ್ತು. ತೂಕವೂ ಸುಮಾರು ಎರಡು ಕಿಲೋ ಹೆಚ್ಚು ಇಳಿದಿತ್ತು.

ಇದು ಸಣ್ಣ ವಿಷಯ ಅಲ್ಲ. ದಕ್ಷಿಣ ಏಷ್ಯಾ ಮೂಲದವರಿಗೆ ಹೃದಯದ ಕಾಯಿಲೆ ಬೇಗ ಬರುತ್ತದೆ ಅನ್ನೋದು ನಮ್ಮ ಎಷ್ಟೋ ಮನೆಗಳಲ್ಲಿ ಅನುಭವದಿಂದಲೇ ಗೊತ್ತು. ಅಮೆರಿಕದಲ್ಲಿ ಇದನ್ನೇ ಹುಡುಕಿಕೊಂಡು 2010ರಿಂದ ಒಂದು ದೊಡ್ಡ ಅಧ್ಯಯನ ನಡೆಯುತ್ತಿದೆ, ಅದರ ಹೆಸರು ‘ಮಸಾಲಾ’! ಹಾಗಾಗಿ ಎಲ್‌ಡಿಎಲ್ ಇಳಿಯಿತು ಅಂದರೆ ನಾವು ಕಿವಿಗೊಟ್ಟು ಕೇಳಬೇಕು. ಆದರೆ ಅದೇ ಅಧ್ಯಯನ ಹೇಳಿದ ಬೇರೆ ಸಂಗತಿಗಳನ್ನು ಸರಣಿ ಮೆತ್ತಗೆ ದಾಟಿಸಿಬಿಡುತ್ತದೆ. ಭಾಗವಹಿಸಿದವರು 44 ಜನ, ಕಾಲ ಬರೀ ಎಂಟು ವಾರ. ವೀಗನ್ ಗುಂಪಿಗೆ ಊಟದ ಬಗ್ಗೆ ತೃಪ್ತಿ ಕಡಿಮೆ ಇತ್ತು, ವಿಟಮಿನ್ ಬಿ12 ಸೇವನೆ ಕಡಿಮೆ ಇತ್ತು. ಗಾರ್ಡ್ನರ್ ಅವರಿಗೆ ಬೇರೆ ಕೆಲಸಕ್ಕಾಗಿ ಬಿಯಾಂಡ್ ಮೀಟ್ ಕಂಪನಿಯಿಂದ ಹಣ ಬಂದಿತ್ತು ಅನ್ನೋದನ್ನು ಅವರೇ ಪ್ರಬಂಧದಲ್ಲಿ ಘೋಷಿಸಿದ್ದಾರೆ. ಹಾಗಂತ ಅಧ್ಯಯನ ಸುಳ್ಳಾಗುವುದಿಲ್ಲ. ಘೋಷಿಸುವುದೇ ಸರಿಯಾದ ಕ್ರಮ. ಆದರೆ ನೋಡುವವರಿಗೂ ಅದು ಗೊತ್ತಿರಬೇಕು.

ಇನ್ನು ಸರಣಿಗೆ ಬಂದರೆ, ನಿರ್ದೇಶಕ ಲೂಯಿ ಸಿಹೊಯೋಸ್ ಅವರು ಹಿಂದೆ ‘ದ ಕೋವ್’, ‘ದ ಗೇಮ್ ಚೇಂಜರ್ಸ್’ ಮಾಡಿದವರು. ಜನರನ್ನು ಕೂರಿಸಿ ನೋಡಿಸುವುದು ಅವರಿಗೆ ಗೊತ್ತು. ಅವಳಿಗಳು ತಮಾಷೆಯಾಗಿ ಜಗಳ ಆಡುತ್ತಾರೆ, ಯಂತ್ರದಲ್ಲಿ ಮಲಗಿ ಕೊಬ್ಬು ಅಳೆಸಿಕೊಳ್ಳುತ್ತಾರೆ. ಮಧ್ಯೆ ಮಧ್ಯೆ ನಾರ್ತ್ ಕ್ಯಾರೊಲೈನಾದ ಹಂದಿ ಫಾರಂಗಳ ಗಲೀಜು ನೀರು, ಮೀನು ಸಾಕುವ ಬಲೆಗಳು, ಕೋಳಿ ಸಾಕುವುದನ್ನು ಬಿಟ್ಟು ಅಣಬೆ ಬೆಳೆಯಲು ಹೊರಟ ರೈತ. ಈ ಭಾಗಗಳು ನಿಜವಾಗಿಯೂ ಚೆನ್ನಾಗಿವೆ. ಹಂದಿ ಫಾರಂ ಪಕ್ಕದಲ್ಲಿ ಬದುಕುವ ಬಡವರು ಕಿಟಕಿ ತೆಗೆಯಲಾರದೆ ಕೂತಿರುವುದನ್ನು ನೋಡಿದರೆ, ಆರೋಗ್ಯದ ಲೆಕ್ಕಕ್ಕಿಂತ ಅದೇ ಹೆಚ್ಚು ತಾಗುತ್ತದೆ. ಅಗ್ಗದ ಮಾಂಸಕ್ಕೆ ಯಾರೋ ಬೆಲೆ ಕೊಡುತ್ತಿದ್ದಾರೆ ಅನ್ನೋದು ಅಲ್ಲಿ ಅರ್ಥವಾಗುತ್ತದೆ.

ಆದರೆ ‘ಹಾಗಾದರೆ ಏನು ತಿನ್ನೋದು’ ಅನ್ನೋ ಜಾಗಕ್ಕೆ ಬಂದ ಕೂಡಲೇ ಸರಣಿ ಅಂಗಡಿಗೆ ಓಡುತ್ತದೆ. ಮಾಂಸದ ಬದಲು ಮಾಂಸದ ಥರದ್ದು, ಚೀಸ್ ಬದಲು ಚೀಸ್ ಥರದ್ದು. ಇಲ್ಲದಿದ್ದರೆ ನ್ಯೂಯಾರ್ಕಿನ ‘ಇಲೆವೆನ್ ಮ್ಯಾಡಿಸನ್ ಪಾರ್ಕ್’ ಹೋಟೆಲ್. ಅಲ್ಲಿನ ಬಾಣಸಿಗ ಡೇನಿಯಲ್ ಹಮ್ 2021ರಲ್ಲಿ ಇಡೀ ಮೆನುವನ್ನು ಸಸ್ಯಮೂಲಕ್ಕೆ ಬದಲಾಯಿಸಿ ದೊಡ್ಡ ಸುದ್ದಿಯಾದರು. ಆಗ ಒಬ್ಬರ ಊಟಕ್ಕೆ 335 ಡಾಲರ್. 2025ರ ಅಕ್ಟೋಬರಿನಿಂದ ಅಲ್ಲಿ ಮಾಂಸ ಮತ್ತೆ ಶುರುವಾಯಿತು. ಅವರನ್ನು ಆಡಿಕೊಳ್ಳುವ ಉದ್ದೇಶ ನನಗಿಲ್ಲ, ಹೋಟೆಲ್ ನಡೆಸುವುದು ಸುಲಭವಲ್ಲ. ಆದರೆ ಮಾದರಿ ಅಂತ ತೋರಿಸಿದ್ದು ನಾಲ್ಕೇ ವರ್ಷ ನಿಂತಿತು. ಕಾಳು, ಬೇಳೆ, ಸೊಪ್ಪು ಇಟ್ಟುಕೊಂಡು ದಿನಾ ಅಡುಗೆ ಮಾಡುವವರ ಮನೆಯ ಒಲೆಯ ಹತ್ತಿರ ಸರಣಿ ಹೆಚ್ಚು ಹೊತ್ತು ನಿಲ್ಲುವುದೇ ಇಲ್ಲ.

ತಟ್ಟೆಯ ನಡುವೆ ಒಂದು ಮಾಂಸದ ತುಂಡು, ಪಕ್ಕದಲ್ಲಿ ಉಳಿದದ್ದು. ಆ ತಟ್ಟೆಗೆ ಬದಲಿ ತುಂಡು ಬೇಕಾಗುತ್ತದೆ, ಅದು ಸಹಜ. ನಮ್ಮ ತಟ್ಟೆಯ ರಚನೆಯೇ ಬೇರೆ. ಮುದ್ದೆಯೋ ಅನ್ನವೋ ರೊಟ್ಟಿಯೋ ನಡುವೆ, ಸಾರು, ಪಲ್ಯ, ಚಟ್ನಿಪುಡಿ ಸುತ್ತ. ಮಾಂಸ ಇದ್ದರೂ ಅದು ಸಾರಿನೊಳಗೆ ಇರುತ್ತದೆ. ಬಸ್ಸಾರು, ಉಪ್ಸಾರು, ಹುರುಳಿ ಸಾರು, ಹಿತಕಿದ ಬೇಳೆ, ಉತ್ತರ ಕರ್ನಾಟಕದ ಮಡಕೆಕಾಳು ಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಹಬ್ಬದ ದಿನದ ಕೋಸಂಬರಿ: ಇವಕ್ಕೆ ಬದಲಿ ಹುಡುಕಬೇಕಾಗಿಲ್ಲ. ಇಲ್ಲಿಯವರೆಗೆ ಸಸ್ಯಾಹಾರಿ ಮನೆಯವರ ಹೆಮ್ಮೆ ಸರಿ ಅನ್ನಿಸುತ್ತದೆ. ಆದರೆ ಮೊಸರು, ತುಪ್ಪ, ಪನೀರ್, ದಿನಕ್ಕೆ ಮೂರು ಲೋಟ ಕಾಫಿ? ‘ಸಸ್ಯಾಹಾರ’ ಅನ್ನೋ ಪದ ನೋಡಿದರೆ ಸಸ್ಯ ಮಾತ್ರ ಅಂತ ಅರ್ಥ ಬರುತ್ತದೆ, ಬಳಕೆಯಲ್ಲಿ ಮಾತ್ರ ಹಾಲು ಅದರೊಳಗೇ ಇದೆ. ಕನ್ನಡ ಕಲಿಯುತ್ತಿರುವವರಿಗೆ ಇದು ಗೊತ್ತಿರುವುದು ಒಳ್ಳೆಯದು. ಅಜ್ಜಿಗೆ ಫೋನಿನಲ್ಲಿ ‘ನಾನು ಸಸ್ಯಾಹಾರಿ ಆಗಿದೀನಿ’ ಅಂದರೆ ಅವರು ಖುಷಿಯಿಂದ ‘ಬಾ ಕಂದ, ಗಟ್ಟಿ ಮೊಸರು ಹೆಪ್ಪು ಹಾಕಿಡ್ತೀನಿ’ ಅಂತಾರೆ. ವೀಗನ್ ಅನ್ನೋದಕ್ಕೆ ಮನೆಮಾತಿನಲ್ಲಿ ಒಂದು ಪದ ಇನ್ನೂ ಕೂತಿಲ್ಲ. ‘ಹಾಲು, ಮೊಸರು, ತುಪ್ಪನೂ ಬಿಟ್ಟಿದೀನಿ’ ಅಂತ ಬಿಡಿಸಿ ಹೇಳುವುದೇ ಸರಿ.

ಹಾಲಿನ ಲೆಕ್ಕ ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ನಮ್ಮ ಮಟ್ಟಿಗೆ ನಿಜವಾದ ವಿಷಯ ಇಲ್ಲೇ ಇರುವುದು. 2018ರಲ್ಲಿ ಜೋಸೆಫ್ ಪೂರ್ ಮತ್ತು ಥಾಮಸ್ ನೆಮೆಚೆಕ್ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ದೊಡ್ಡ ಲೆಕ್ಕ ಪ್ರಕಟಿಸಿದರು. 119 ದೇಶಗಳ ಸುಮಾರು 38,700 ಫಾರಂಗಳ ಮಾಹಿತಿ ಅದರಲ್ಲಿದೆ. ಪ್ರತಿ 100 ಗ್ರಾಂ ಪ್ರೋಟೀನ್ ಪಡೆಯಲು ಎಷ್ಟು ಹಸಿರುಮನೆ ಅನಿಲ ಹೊರಬೀಳುತ್ತದೆ ಅಂತ ನೋಡಿದರೆ, ಮಾಂಸಕ್ಕೆಂದೇ ಸಾಕಿದ ದನದ ಮಾಂಸಕ್ಕೆ ಸರಾಸರಿ 50 ಕಿಲೋ. ಅದರ ಹತ್ತಿರ ಬೇರೆ ಯಾವುದೂ ಬರುವುದಿಲ್ಲ. ಆಮೇಲಿನದು ಗಮನಿಸಿ: ಚೀಸ್ ಸುಮಾರು 11, ಕೋಳಿ ಮಾಂಸ 6ರ ಒಳಗೆ, ಮೊಟ್ಟೆ 4 ಚಿಲ್ಲರೆ, ತೋಫು 2, ಬಟಾಣಿ ಅರ್ಧ ಕಿಲೋವೂ ಇಲ್ಲ.

ಅಂದರೆ ಚೀಸ್ ಕೋಳಿಗಿಂತ ಭಾರ. ಪನೀರನ್ನು ಅವರು ಬೇರೆಯಾಗಿ ಅಳೆದಿಲ್ಲ, ಆದರೆ ಒಂದು ಕಿಲೋ ಪನೀರಿಗೆ ಐದಾರು ಲೀಟರ್ ಹಾಲು ಬೇಕು ಅಂತ ಮನೆಯಲ್ಲಿ ಹಾಲು ಒಡೆಸಿದವರಿಗೆಲ್ಲ ಗೊತ್ತು. ತುಪ್ಪಕ್ಕೆ ಇನ್ನೂ ಹೆಚ್ಚು. ನಾಲ್ಕು ಪರ್ಸೆಂಟ್ ಕೊಬ್ಬಿರುವ ಹಸುವಿನ ಹಾಲಾದರೆ ಒಂದು ಕಿಲೋ ತುಪ್ಪಕ್ಕೆ ಇಪ್ಪತ್ತೈದು ಲೀಟರಿನ ಆಸುಪಾಸು (ಕೊಬ್ಬು ತೆಗೆದ ಹಾಲು, ಮಜ್ಜಿಗೆ ಬೇರೆ ಕಡೆ ಬಳಕೆಯಾಗುತ್ತದೆ ಅನ್ನೋದು ನಿಜ). ಆದ್ದರಿಂದ ವಾರಕ್ಕೆರಡು ಸಲ ಪನೀರ್ ಬಟರ್ ಮಸಾಲಾ ಮಾಡುವ ‘ಶುದ್ಧ ಸಸ್ಯಾಹಾರಿ’ ಮನೆ, ಭಾನುವಾರ ಕೋಳಿಸಾರು ಮಾಡಿ ಉಳಿದ ದಿನ ಹುರುಳಿ, ಅವರೆ, ಸೊಪ್ಪು ತಿನ್ನುವ ಮನೆಗಿಂತ ಭೂಮಿಗೆ ಹಗುರ ಅಂತ ಹೇಳಲು ಬರುವುದಿಲ್ಲ. ಉಲ್ಟಾ ಇರುವ ಸಾಧ್ಯತೆಯೇ ಹೆಚ್ಚು.

ಇಲ್ಲೊಂದು ಭಾವನೆಯ ತೊಡಕೂ ಇದೆ. ನಾವು ಹಾಲು ಅಂದ ಕೂಡಲೇ ಊರಿನ ಕೊಟ್ಟಿಗೆ, ಹೆಸರಿಟ್ಟು ಕರೆಯುವ ಹಸು, ಬೆಳಗ್ಗೆ ಡೈರಿ ಮುಂದೆ ಕ್ಯಾನು ಹಿಡಿದು ನಿಂತ ಹೆಂಗಸರು ಅಂತ ಕಲ್ಪಿಸಿಕೊಳ್ಳುತ್ತೇವೆ. ಕರ್ನಾಟಕದಲ್ಲಿ ನಂದಿನಿ ಹಾಲಿನ ದುಡ್ಡು ಎಷ್ಟೋ ಸಣ್ಣ ಮನೆಗಳನ್ನು ನಡೆಸುತ್ತದೆ, ಅದನ್ನು ಕ್ಯಾಲಿಫೋರ್ನಿಯಾದಲ್ಲಿ ಕೂತು ತಳ್ಳಿಹಾಕಬಾರದು. ಆದರೆ ನಾವು ಇಲ್ಲಿ ಕೊಳ್ಳುವ ಗ್ಯಾಲನ್ ಹಾಲು ಆ ಕೊಟ್ಟಿಗೆಯಿಂದ ಬರುತ್ತಿಲ್ಲ. ಸಾವಿರಾರು ಹಸುಗಳಿರುವ ಡೈರಿಯಿಂದ ಬರುತ್ತದೆ. ತಮಾಷೆ ಅಂದರೆ, ಒಂದೊಂದು ಹಸು ಕೊಡುವ ಹಾಲು ಜಾಸ್ತಿ ಆದ್ದರಿಂದ ಲೀಟರಿನ ಲೆಕ್ಕಕ್ಕೆ ಇಂಥ ಡೈರಿಗಳ ಅನಿಲ ಜಗತ್ತಿನ ಸರಾಸರಿಗಿಂತ ಕಡಿಮೆಯೇ ಇರುತ್ತದೆ. ಕರುವನ್ನು ಹುಟ್ಟಿದ ಕೂಡಲೇ ತಾಯಿಯಿಂದ ಬೇರೆ ಮಾಡುವುದು, ಸಗಣಿಯ ದೊಡ್ಡ ಕೆರೆಗಳು, ಇವು ಬೇರೆ ಲೆಕ್ಕ. ಯಾವ ಕಾರಣಕ್ಕೆ ಹಾಲು ಕಡಿಮೆ ಮಾಡುತ್ತಿದ್ದೇವೆ ಅಂತ ನಾವೇ ಸ್ಪಷ್ಟ ಮಾಡಿಕೊಳ್ಳಬೇಕು. ಸರಣಿ ಮಾತ್ರ ಆರೋಗ್ಯ, ಪ್ರಾಣಿ, ಹವಾಮಾನ ಮೂರನ್ನೂ ಒಂದೇ ಪಾತ್ರೆಗೆ ಸುರಿದು ಕಲಕಿಬಿಡುತ್ತದೆ.

ಈಗ ನಾಚಿಕೆಯ ವಿಷಯ. 2014ರ ಸ್ಯಾಂಪಲ್ ರಿಜಿಸ್ಟ್ರೇಷನ್ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಹೆಚ್ಚುಕಡಿಮೆ ಐವರಲ್ಲಿ ನಾಲ್ವರು ಮಾಂಸಾಹಾರಿಗಳು. ಆದರೂ ಹೊರದೇಶದ ಕನ್ನಡ ಕೂಟಗಳ ಊಟ ನೋಡಿದರೆ ನಾಡಿನ ಊಟವೇ ಸಸ್ಯಾಹಾರ ಅನ್ನಿಸುತ್ತದೆ. ಯಾರು ಮೊದಲು ಹೊರದೇಶಕ್ಕೆ ಬಂದರು, ಯಾರ ಅಡುಗೆ ‘ನಮ್ಮ ಸಂಸ್ಕೃತಿ’ ಅಂತ ಹೆಸರು ಪಡೆಯಿತು ಅನ್ನೋದರಲ್ಲಿ ಜಾತಿಯ ಕೈ ಇದೆ. ಅಂಥ ಕಡೆ ‘ಸಸ್ಯಮೂಲದ ಊಟ’ ಅನ್ನೋ ಹೊಸ ಮಾತು ಬಂದಾಗ ಹಳೆಯ ಮಡಿಮೈಲಿಗೆಗೆ ಹೊಸ ಅಂಗಿ ಹಾಕಿದಂತೆ ಕೆಲವರಿಗೆ ಕೇಳಿಸಿದರೆ ಅದರಲ್ಲಿ ಆಶ್ಚರ್ಯ ಏನಿದೆ?

2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರು ಮಾಡಿದಾಗ ಆದದ್ದನ್ನು ನೆನಪಿಸಿಕೊಳ್ಳಿ. ಮಕ್ಕಳ ಅಪೌಷ್ಟಿಕತೆ ಹೆಚ್ಚಿದ್ದ ಜಿಲ್ಲೆಗಳು ಅವು. ಬೇಡದವರಿಗೆ ಬಾಳೆಹಣ್ಣು ಇತ್ತು. ಆದರೂ ಕೆಲವು ಮಠಾಧೀಶರಿಂದ ಜೋರು ವಿರೋಧ ಬಂತು. ಬಹುಪಾಲು ಮಕ್ಕಳು ಮೊಟ್ಟೆಯನ್ನೇ ಆರಿಸಿಕೊಂಡರು. ಯಾದಗಿರಿಯ ಮಗುವಿನ ತಟ್ಟೆಯ ಮೊಟ್ಟೆಯನ್ನೂ, ಸಿಲಿಕಾನ್ ವ್ಯಾಲಿಯಲ್ಲಿ ಬೇಕಾದ್ದೆಲ್ಲ ಸಿಗುವ ಒಬ್ಬ ಎಂಜಿನಿಯರ್ ಬಿಡುವ ಮೊಟ್ಟೆಯನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು. ಸಸ್ಯಮೂಲದ ಊಟ ಒಳ್ಳೆಯ ಆಯ್ಕೆ ಅಂತ ನಾನು ಒಪ್ಪುತ್ತೇನೆ. ಅದು ಆಯ್ಕೆ ಆಗಿರಬೇಕಾದರೆ ಮೊದಲು ಹೊಟ್ಟೆ ತುಂಬಿರಬೇಕು, ಆಮೇಲೆ ಇನ್ನೊಬ್ಬರ ತಟ್ಟೆ ನೋಡಿ ಮೂಗು ಮುರಿಯಬಾರದು.

ಸರಿ, ಶುರು ಮಾಡುವುದು ಹೇಗೆ? ಸರಣಿ ಬಿಟ್ಟ ಜಾಗ ಇದು, ಆದ್ದರಿಂದ ನನ್ನ ಅಭಿಪ್ರಾಯ ಹೇಳುತ್ತೇನೆ. ಕುರಿ, ದನದ ಮಾಂಸ ತಿನ್ನುವ ಮನೆಯಾದರೆ ಮೊದಲು ಅದನ್ನು ಇಳಿಸಿ. ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಹೆಜ್ಜೆ ಇಲ್ಲ. ಸಸ್ಯಾಹಾರಿ ಮನೆಯಾದರೆ ಮೊದಲು ಪನೀರು, ಆಮೇಲೆ ತುಪ್ಪ, ಕಾಫಿ, ಕೊನೆಗೆ ಮೊಸರು. ಈ ಕ್ರಮಕ್ಕೆ ಕಾರಣ ಇದೆ. ಪನೀರು ನಮ್ಮ ಅಡುಗೆಮನೆಗೆ ಇತ್ತೀಚೆಗೆ ಬಂದ ನೆಂಟ, ಹೋಗು ಅಂದರೆ ಬೇಜಾರಾಗುವುದಿಲ್ಲ. ಆ ಜಾಗದಲ್ಲಿ ತೋಫು ಹಾಕಬಹುದು, ಆದರೆ ನೆನೆಸಿದ ಕಡಲೆಕಾಳೋ ಅಲಸಂದೆಯೋ ಅದಕ್ಕಿಂತ ಅಗ್ಗ, ರುಚಿಯೂ ಹೆಚ್ಚು. ತುಪ್ಪದ ಒಗ್ಗರಣೆಯನ್ನು ಕಡಲೆಕಾಯಿ ಎಣ್ಣೆಗೆ ಬದಲಾಯಿಸಬಹುದು. ತುಪ್ಪದ ಬದಲು ಕೊಬ್ಬರಿ ಎಣ್ಣೆ ಸುರಿದು ಎಲ್‌ಡಿಎಲ್ ಇಳಿಯಲಿ ಅಂತ ಕಾಯಬೇಡಿ. ಅದರಲ್ಲೂ ಗಟ್ಟಿ ಕೊಬ್ಬೇ ಜಾಸ್ತಿ. ಯುಗಾದಿಯ ಹೋಳಿಗೆಗೆ ತುಪ್ಪ ಬೇಕೇ ಬೇಕು ಅನ್ನುವವರ ಜೊತೆ ನಾನು ಜಗಳ ಆಡುವುದಿಲ್ಲ. ವರ್ಷಕ್ಕೊಂದು ಹೋಳಿಗೆಯಿಂದ ಲೆಕ್ಕ ತಪ್ಪುವುದಿಲ್ಲ, ದಿನದ ಲೋಟಗಳಿಂದ ತಪ್ಪುತ್ತದೆ.

ಫಿಲ್ಟರ್ ಕಾಫಿ ಕಷ್ಟ. ಗಟ್ಟಿ ಡಿಕಾಕ್ಷನ್‌ಗೆ ಸೋಯಾ ಹಾಲು ಹಾಕಿದರೆ ಒಡೆಯುತ್ತದೆ. ಕಾಫಿಗೆಂದೇ ಮಾಡಿದ ಓಟ್ಸ್ ಹಾಲು ನಿಲ್ಲುತ್ತದೆ, ಸ್ವಲ್ಪ ಸಿಹಿ ಇರುತ್ತದೆ, ಸಕ್ಕರೆ ಕಡಿಮೆ ಹಾಕಿ. ಬಾದಾಮಿ ಹಾಲು ಅನಿಲದ ಲೆಕ್ಕದಲ್ಲಿ ಹಗುರ, ನೀರಿನ ಲೆಕ್ಕದಲ್ಲಿ ಭಾರ: ಲೀಟರಿಗೆ ಸುಮಾರು 370 ಲೀಟರ್ ನೀರು. ಹಸುವಿನ ಹಾಲಿಗೆ ಅದಕ್ಕಿಂತಲೂ ಹೆಚ್ಚು, 630ರ ಹತ್ತಿರ. ಇದ್ಯಾವುದೂ ಬೇಡ ಅಂದರೆ ಮಲೆನಾಡಿನ ಬೆಲ್ಲದ ಕರಿ ಕಾಫಿ ಇದೆಯಲ್ಲ.

ಮೊಸರಿಗೆ ಸಕ್ಕರೆ ಹಾಕದ ಸೋಯಾ ಹಾಲೇ ಸರಿ, ಓಟ್ಸ್ ಹಾಲಿನಲ್ಲಿ ಪ್ರೋಟೀನ್ ಕಡಿಮೆ, ಗಟ್ಟಿಯಾಗುವುದಿಲ್ಲ. ಉಗುರುಬೆಚ್ಚಗೆ ಮಾಡಿ, ಅಂಗಡಿಯ ಸಸ್ಯಮೂಲದ ಮೊಸರನ್ನು ಒಂದು ಚಮಚ ಹೆಪ್ಪು ಹಾಕಿ, ಓವನ್ ಒಳಗೆ ಬರೀ ದೀಪ ಹಚ್ಚಿ ರಾತ್ರಿ ಇಟ್ಟರೆ ಬೆಳಗ್ಗೆ ಹೆಪ್ಪಾಗಿರುತ್ತದೆ. ಮಜ್ಜಿಗೆ ಹುಳಿಗೆ, ತಂಬುಳಿಗೆ ಚೆನ್ನಾಗಿ ಹೊಂದುತ್ತದೆ. ಮೊಸರನ್ನಕ್ಕೆ? ಒಗ್ಗರಣೆ, ಶುಂಠಿ, ದಾಳಿಂಬೆ ಎಲ್ಲ ಹಾಕಿದರೂ ಅದು ಬೇರೆಯದೇ ರುಚಿ. ಅದೇ ರುಚಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಬಿ12 ವಿಷಯವನ್ನು ಸರಣಿ ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತು. ಈ ವಿಟಮಿನ್ ನಮ್ಮ ಯಕೃತ್ತಿನಲ್ಲಿ ವರ್ಷಗಟ್ಟಲೆ ಸಂಗ್ರಹ ಇರುತ್ತದೆ, ಹಾಗಾಗಿ ಎಂಟು ವಾರದ ಪ್ರಯೋಗದಲ್ಲಿ ಕೊರತೆ ಕಾಣಿಸುವುದೇ ಇಲ್ಲ. ಭಾರತೀಯ ಸಸ್ಯಾಹಾರಿಗಳಲ್ಲಿ ಹಾಲು ಕುಡಿಯುವಾಗಲೇ ಬಿ12 ಕಡಿಮೆ ಇರುವುದು ಸಾಮಾನ್ಯ. ಇರುವ ಆ ಒಂದು ದಾರಿಯನ್ನೂ ಮುಚ್ಚಿದರೆ ಮಾತ್ರೆ ತೆಗೆದುಕೊಳ್ಳಲೇಬೇಕು, ಇಲ್ಲವೇ ಬಿ12 ಸೇರಿಸಿದ ಸಸ್ಯದ ಹಾಲು ಕುಡಿಯಬೇಕು. ಕೈಕಾಲು ಜೋಮು ಹಿಡಿಯುವುದು, ಮರೆವು, ಸುಸ್ತು ಇದ್ದರೆ ‘ವಯಸ್ಸಾಯ್ತು’ ಅಂತ ಬಿಡದೆ ಡಾಕ್ಟರ ಹತ್ತಿರ ರಕ್ತ ಪರೀಕ್ಷೆ ಮಾಡಿಸಿ. ಅಪ್ಪ ಅಮ್ಮನನ್ನು ಉತ್ಸಾಹದಿಂದ ವೀಗನ್ ಮಾಡಲು ಹೊರಟ ಮಕ್ಕಳು ಇದನ್ನು ಮೊದಲು ಓದಲಿ.

ಇನ್ನು ‘ಊರಿನ ಅಡುಗೆ ಇಲ್ಲಿ ಮಾಡಿದರೆ ಸಾಮಾನೆಲ್ಲ ದೂರದಿಂದ ಬರಬೇಕಲ್ಲ, ಅದೇನು ಸುಸ್ಥಿರ?’ ಅಂತ ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ಪೂರ್ ಮತ್ತು ನೆಮೆಚೆಕ್ ಲೆಕ್ಕದಲ್ಲಿ ಆಹಾರದ ಒಟ್ಟು ಅನಿಲದಲ್ಲಿ ಸಾಗಣೆಯ ಪಾಲು ಸುಮಾರು 6 ಪರ್ಸೆಂಟ್ ಮಾತ್ರ. ಹಡಗಿನಲ್ಲಿ ಬರುವ ಒಣ ಬೇಳೆಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ವಿಮಾನದಲ್ಲಿ ಬರುವ ಮಾವಿನಹಣ್ಣು, ಎಳೆ ನುಗ್ಗೆಕಾಯಿ ಬೇರೆ ಮಾತು, ಅವನ್ನು ಅಪರೂಪಕ್ಕೆ ತಿನ್ನಿ. ಕರಿಬೇವಿನ ಗಿಡ ಕುಂಡದಲ್ಲಿ ಬೆಳೆಯುತ್ತದೆ, ಚಳಿಗಾಲದಲ್ಲಿ ಒಳಗೆ ತಂದಿಡಬೇಕು ಅಷ್ಟೇ. ಅಕ್ಕಿಯ ಬಗ್ಗೆಯೂ ಒಂದು ಮಾತು: ನೀರು ನಿಂತ ಗದ್ದೆಯಿಂದ ಮೀಥೇನ್ ಬರುವುದರಿಂದ ಕಿಲೋ ಅಕ್ಕಿಯ ಅನಿಲ ಗೋಧಿಯ ಎರಡು ಮೂರು ಪಟ್ಟು. ಅನ್ನ ಬಿಡಿ ಅಂತ ಹೇಳಲು ನನಗೆ ಧೈರ್ಯವಿಲ್ಲ, ವಾರದಲ್ಲಿ ಎರಡು ದಿನ ಮುದ್ದೆಯೋ ರೊಟ್ಟಿಯೋ ಆದರೆ ಚೆನ್ನ.

ಬೇಳೆಯಲ್ಲಂತೂ ಲೆಕ್ಕ ತಲೆಕೆಳಗಾಗಿದೆ. ಚನ್ನಂಗಿ ಬೇಳೆಯನ್ನು ಭಾರತಕ್ಕೆ ಮಾರುವ ದೊಡ್ಡ ದೇಶಗಳಲ್ಲಿ ಕೆನಡಾ ಒಂದು, ಅಲ್ಲಿನ ಬೇಳೆಯಲ್ಲಿ ಹೆಚ್ಚಿನದು ಸಸ್ಕ್ಯಾಚೆವಾನ್ ಪ್ರಾಂತ್ಯದ್ದು. ಆಸ್ಟ್ರೇಲಿಯಾದಲ್ಲಿ ಚನ್ನಂಗಿಯೂ ಕಡಲೆಯೂ ಬೆಳೆಯುತ್ತವೆ. ಅಮೆರಿಕದಲ್ಲಿ ಮೊಂಟಾನ, ವಾಷಿಂಗ್ಟನ್ ರಾಜ್ಯದ ಪೂರ್ವದ ಗುಡ್ಡಗಳು, ಐಡಾಹೊ. ನಮ್ಮ ಕೆಲವು ಮನೆಗಳಲ್ಲಿ ಚನ್ನಂಗಿಯನ್ನು ಒಳಗೆ ಸೇರಿಸುತ್ತಿರಲಿಲ್ಲ, ತೊಗರಿಯೇ ಬೇಕು ಅನ್ನುತ್ತಿದ್ದರು. ಈಗ ಟೊರಾಂಟೊದಲ್ಲೋ ಮೆಲ್ಬರ್ನ್‌ನಲ್ಲೋ ಇರುವವರಿಗೆ ತಾವಿರುವ ದೇಶದ ಮಣ್ಣಿನಲ್ಲೇ ಬೆಳೆದ ಬೇಳೆ ಅದು. ನೆನೆಸುವುದೂ ಬೇಡ, ಕುಕ್ಕರೂ ಬೇಡ, ಇಪ್ಪತ್ತು ನಿಮಿಷದಲ್ಲಿ ಬೇಯುತ್ತದೆ. ಸಾರಿನ ಪುಡಿ, ಹುಣಸೆಹಣ್ಣು, ಇಂಗಿನ ಒಗ್ಗರಣೆ ಬಿದ್ದ ಮೇಲೆ ತೊಗರಿಯ ಸಾರಿಗಿಂತ ಸ್ವಲ್ಪ ತೆಳುವಾಗಿ, ಸ್ವಲ್ಪ ಸಿಹಿಯಾಗಿ ಇರುತ್ತದೆ.